ತಿಳಿ ಎಲೆಯೋ ಕಪ್ಪೆಲೆಯೋ, ಸಣ್ಣದೋ ದಪ್ಪವೋ: ಸಿಗಾರ್‌ಗಳನ್ನು ಜೋಡಿ ಮಾಡಿ ರುಚಿ ನೋಡುವುದು

ಸಿಗಾರ್ ಕೊಳ್ಳಲು ನಿಂತವರೆಲ್ಲ ಮೊದಲು ಕೇಳುವುದು "ಇದರಲ್ಲಿ ಯಾವುದು ಚೆನ್ನಾಗಿದೆ?" ಅಂತ. ಅದಕ್ಕೆ ಸರಿಯಾದ ಉತ್ತರ ಯಾರ ಹತ್ತಿರವೂ ಇಲ್ಲ. "ಇವೆರಡಕ್ಕೂ ಏನು ವ್ಯತ್ಯಾಸ?" ಅಂತ ಕೇಳಿ ನೋಡಿ, ಅದಕ್ಕೆ ಉತ್ತರ ಇದೆ. ಅದನ್ನು ನಿಮ್ಮ ನಾಲಿಗೆಯೇ ಕೊಡುತ್ತದೆ.

ನಾನು ಬಹಳ ದಿನ ಒಂದೊಂದೇ ಸಿಗಾರ್ ಸೇದಿ ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಆಮೇಲೆ ತಿರುವಿ ಓದಿದರೆ ಎಲ್ಲ ಪುಟದಲ್ಲೂ ಅದೇ ಮಾತು. ಚೆನ್ನಾಗಿದೆ, ಸ್ವಲ್ಪ ಖಾರ, ಕೊನೆಗೆ ಕಹಿ. ಒಂಟಿಯಾಗಿ ಸೇದಿದ ಸಿಗಾರ್‌ಗೆ ಅಳತೆಗೋಲೇ ಇರುವುದಿಲ್ಲ, ಅದಕ್ಕೇ ಹೀಗಾಗುತ್ತದೆ. ಜೋಡಿ ಮಾಡಿ ಸೇದಲು ಶುರು ಮಾಡಿದ ಮೇಲೆ ಬರೆಯಲು ಮಾತು ಸಿಕ್ಕಿತು. ಜೋಡಿ ಅಂದರೆ ಯಾವುದೋ ಎರಡು ಅಲ್ಲ. ಉಳಿದದ್ದೆಲ್ಲ ಒಂದೇ ಇದ್ದು, ಒಂದೇ ಒಂದು ವಿಷಯದಲ್ಲಿ ಬೇರೆಯಾಗಿರುವ ಎರಡು.

ಮುಂದೆ ಹೋಗುವ ಮೊದಲು ಒಂದು ಮಾತನ್ನು ನೇರವಾಗಿ ಹೇಳಿಬಿಡುತ್ತೇನೆ. ಸಿಗಾರ್ ಹೊಗೆಯನ್ನು ಎದೆಗೆ ಎಳೆದುಕೊಳ್ಳುವುದಿಲ್ಲ, ಬಾಯಲ್ಲಿಟ್ಟು ಬಿಡುತ್ತೇವೆ. ಹಾಗಂತ ಅದರಿಂದ ಅಪಾಯ ಇಲ್ಲ ಅಂದುಕೊಳ್ಳಬೇಡಿ. ಒಂದು ದೊಡ್ಡ ಸಿಗಾರ್‌ನಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ಹೊಗೆಸೊಪ್ಪು ಇರಬಹುದು. ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ರಕ್ತಕ್ಕೆ ಸೇರುತ್ತದೆ. ಬಾಯಿ, ಗಂಟಲು, ಅನ್ನನಾಳ, ಶ್ವಾಸಕೋಶದ ಕ್ಯಾನ್ಸರ್ ಅಪಾಯ ನಿಜವಾದದ್ದು. ಸೇದದವರು ಇದನ್ನು ಓದಿ ಶುರು ಮಾಡುವುದು ಬೇಡ. ಈಗಾಗಲೇ ಸೇದುವವರು ಕಡಿಮೆ ಸೇದಲಿ, ಸೇದುವಾಗ ಗಮನವಿಟ್ಟು ಸೇದಲಿ. ನನ್ನ ಆಸೆ ಅಷ್ಟೇ.

ಸ್ಟ್ರಾಂಗ್ ಬೇರೆ, ರುಚಿ ಬೇರೆ

ಕೈಯಲ್ಲಿ ಸುತ್ತಿದ ಸಿಗಾರ್‌ನಲ್ಲಿ ಮೂರು ಪದರ ಇರುತ್ತದೆ. ಹೊಟ್ಟೆಯೊಳಗೆ ಫಿಲ್ಲರ್, ಅದನ್ನು ಹಿಡಿದು ನಿಲ್ಲಿಸುವ ಬೈಂಡರ್, ಮೇಲೆ ಕಣ್ಣಿಗೆ ಕಾಣುವ ರ‍್ಯಾಪರ್. ಒಳ್ಳೆಯದರಲ್ಲಿ ಫಿಲ್ಲರ್ ಎಲೆಯನ್ನು ಚೂರು ಮಾಡಿರುವುದಿಲ್ಲ. ಬಾಯಿ ತುದಿಯಿಂದ ಬೆಂಕಿ ತುದಿಯವರೆಗೆ ಉದ್ದಕ್ಕೂ ಹಾಗೇ ಮಡಚಿಟ್ಟಿರುತ್ತಾರೆ. ಇದಕ್ಕೆ ಲಾಂಗ್ ಫಿಲ್ಲರ್ ಎನ್ನುತ್ತಾರೆ. ಚೂರು ಎಲೆ ತುಂಬಿದ ಅಗ್ಗದ ಸಿಗಾರ್ ಬೇಗ ಬಿಸಿಯಾಗುತ್ತದೆ, ಬಾಯಿಗೆ ಪುಡಿ ಬರುತ್ತದೆ. ಅದನ್ನು ಈ ಹೋಲಿಕೆಗೆ ತರುವುದಿಲ್ಲ.

ಒಳಗಿನ ಎಲೆಗಳಲ್ಲೂ ತರಗತಿ ಇದೆ. ಗಿಡದ ಬುಡದ ಎಲೆ ವೊಲಾಡೊ. ಚೆನ್ನಾಗಿ ಉರಿಯುತ್ತದೆ, ರುಚಿ ತೆಳು. ನಡುವಿನ ಎಲೆ ಸೆಕೊ, ಪರಿಮಳ ಬರುವುದು ಹೆಚ್ಚಾಗಿ ಇದರಿಂದ. ಮೇಲಿನ ಎಲೆ ಲಿಗೆರೊ. ಬಿಸಿಲು ಜಾಸ್ತಿ ಕುಡಿದದ್ದು, ದಪ್ಪ, ಎಣ್ಣೆ ಜಾಸ್ತಿ, ನಿಕೋಟಿನ್ ಜಾಸ್ತಿ, ಉರಿಯುವುದು ನಿಧಾನ. ಅದಕ್ಕೇ ಸುತ್ತುವವರು ಲಿಗೆರೊವನ್ನು ಸರಿಯಾಗಿ ನಟ್ಟನಡುವೆ ಇಡುತ್ತಾರೆ. ಒಂದು ಕಡೆ ಸರಿದರೆ ಆ ಕಡೆ ಬೆಂಕಿ ಹಿಂದೆ ಬೀಳುತ್ತದೆ.

ಈಗ ಮುಖ್ಯವಾದ ಮಾತು. ಹೋಲಿಸುವಾಗ ಮೂರು ವಿಷಯವನ್ನು ಬೇರೆ ಬೇರೆ ಇಟ್ಟುಕೊಳ್ಳಿ. ಕಡಕ್ ಎಷ್ಟು ಅನ್ನುವುದು ತಲೆಗೂ ಹೊಟ್ಟೆಗೂ ತಿಳಿಯುತ್ತದೆ, ಅದು ನಿಕೋಟಿನ್. ಹೊಗೆಯ ತೂಕ ಬಾಯಿಗೆ ತಿಳಿಯುತ್ತದೆ, ನೀರು ಹಾಲಿಗೂ ಕೆನೆ ಹಾಲಿಗೂ ಇರುವ ವ್ಯತ್ಯಾಸದ ಹಾಗೆ. ರುಚಿ ಬಹುಪಾಲು ಮೂಗಿಗೆ ತಿಳಿಯುತ್ತದೆ. ಈ ಮೂರನ್ನೂ "ಸ್ಟ್ರಾಂಗ್" ಎಂಬ ಒಂದೇ ಮಾತಿನಲ್ಲಿ ಕಟ್ಟಿಹಾಕುವವರೇ ಜಾಸ್ತಿ. ಅಲ್ಲಿಂದಲೇ ಆಯ್ಕೆ ತಪ್ಪಲು ಶುರುವಾಗುವುದು.

ನನಗೆ ಇದು ಅರ್ಥವಾದದ್ದು ಒಂದು ಕೆಟ್ಟ ಸಂಜೆ. ಜೇನುತುಪ್ಪದ ಬಣ್ಣದ ತಿಳಿ ರ‍್ಯಾಪರ್ ಇದ್ದ ಒಂದು ಸಿಗಾರ್ ಸಿಕ್ಕಿತ್ತು. ಬಣ್ಣ ನೋಡಿ ಸೌಮ್ಯ ಅಂದುಕೊಂಡೆ. ಮಧ್ಯಾಹ್ನ ಊಟ ಮಾಡಿರಲಿಲ್ಲ. ಅರ್ಧ ಮುಗಿಯುವಷ್ಟರಲ್ಲಿ ಹಣೆ ತಣ್ಣಗಾಗಿ ಬೆವರಿತು, ಕೈ ನಡುಗಿತು, ಹೊಟ್ಟೆ ತೊಳಸಿತು. ಸಿಗಾರ್ ಕೆಳಗಿಟ್ಟು, ಸಕ್ಕರೆ ನೀರು ಕುಡಿದು, ಅರ್ಧ ಗಂಟೆ ಸುಮ್ನೆ ಮಲಗಿದ ಮೇಲೆ ಸರಿಹೋಯಿತು. ಆಮೇಲೆ ವಿಚಾರಿಸಿದರೆ ಒಳಗೆ ತುಂಬಿದ್ದು ಹೆಚ್ಚಾಗಿ ಲಿಗೆರೊ. ಬಣ್ಣ ಹೊರಗಿನ ಒಂದು ಎಲೆಯದ್ದು. ಕಡಕ್ ಬರುವುದು ಒಳಗಿನಿಂದ. ಅವತ್ತಿನಿಂದ ಖಾಲಿ ಹೊಟ್ಟೆಯಲ್ಲಿ ಸಿಗಾರ್ ಮುಟ್ಟಿಲ್ಲ, ಬಣ್ಣ ನೋಡಿ ಕಡಕ್ ಎಷ್ಟು ಅಂತ ಊಹಿಸಿಯೂ ಇಲ್ಲ.

ಮೊದಲ ಜೋಡಿ: ತಿಳಿ ರ‍್ಯಾಪರ್, ಕಪ್ಪು ರ‍್ಯಾಪರ್

ಶುರು ಮಾಡಲು ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ. ಎರಡೂ ರೊಬಸ್ಟೊ ಅಳತೆಯದ್ದಾಗಿರಲಿ, ಅಂದರೆ ಸುಮಾರು 5 ಇಂಚು ಉದ್ದ, 50 ರಿಂಗ್ ಗೇಜ್ ದಪ್ಪ (ಈ ಅಳತೆಯ ವಿವರ ಮುಂದಿದೆ). ಆದಷ್ಟು ಒಂದೇ ತಯಾರಕರದ್ದಾಗಿರಲಿ. ಕೆಲವು ತಯಾರಕರು ಒಂದೇ ಸಿಗಾರನ್ನು ತಿಳಿ ರ‍್ಯಾಪರ್‌ನಲ್ಲೂ ಮಡುರೊ ಎಂಬ ಕಪ್ಪು ಎಲೆಯಲ್ಲೂ ಮಾಡುತ್ತಾರೆ. ಅಂಥದ್ದು ಸಿಕ್ಕರೆ ಅದೃಷ್ಟ.

ತಿಳಿ ಬಣ್ಣದ್ದರಲ್ಲಿ ಹೆಚ್ಚು ಹೆಸರಾದದ್ದು ಅಮೆರಿಕದ ಕನೆಕ್ಟಿಕಟ್ ಶೇಡ್. ಬಿಸಿಲು ನೇರ ಬೀಳದ ಹಾಗೆ ಗಿಡದ ಮೇಲೆ ಬಟ್ಟೆಯ ಚಪ್ಪರ ಹಾಕಿ ಬೆಳೆಸುತ್ತಾರೆ. ಎಲೆ ತೆಳ್ಳಗೆ, ನುಣ್ಣಗೆ, ನರಗಳು ಎದ್ದು ಕಾಣದ ಹಾಗೆ ಬರುತ್ತದೆ. ಅದೇ ತಳಿಯನ್ನು ಈಕ್ವೆಡಾರ್‌ನಲ್ಲೂ ಬೆಳೆಯುತ್ತಾರೆ. ಅಲ್ಲಿ ಚಪ್ಪರ ಬೇಕಿಲ್ಲ, ಬೆಳೆಯ ಕಾಲದಲ್ಲಿ ಮೋಡವೇ ನೆರಳು ಕೊಡುತ್ತದೆ. ಇದರ ಹೊಗೆಯಲ್ಲಿ ಒಣಹುಲ್ಲು, ಗೋಡಂಬಿ, ಕೆನೆ, ಹದವಾಗಿ ಸುಟ್ಟ ಬ್ರೆಡ್ಡಿನ ನೆನಪು. ಬಿಳಿ ಮೆಣಸಿನ ಸಣ್ಣ ಚುರುಕು. ಬೇಗ ಬೇಗ ಎಳೆದರೆ ಮಾತ್ರ ಹುಲ್ಲು ಸುಟ್ಟ ಕಹಿ ಬರುತ್ತದೆ, ತಿಳಿ ಎಲೆಗೆ ಆ ತಪ್ಪು ತಡೆಯುವುದಿಲ್ಲ.

ಮಡುರೊ ಅಂದರೆ ಸ್ಪ್ಯಾನಿಶ್‌ನಲ್ಲಿ ಹಣ್ಣಾದದ್ದು, ಮಾಗಿದ್ದು. ಆ ಕಪ್ಪು ಬಣ್ಣ ಬರುವುದು ಹುದುಗು ಬರಿಸುವುದರಿಂದ. ತೇವ ಇರುವ ಎಲೆಗಳನ್ನು ದೊಡ್ಡ ರಾಶಿ ಹಾಕುತ್ತಾರೆ. ರಾಶಿ ತಾನಾಗಿ ಒಳಗಿಂದ ಬಿಸಿಯೇರುತ್ತದೆ. ಬಿಸಿ ಮಿತಿ ಮೀರುವ ಮುಂಚೆ ಬಿಚ್ಚಿ, ಒಳಗಿನದನ್ನು ಹೊರಗೆ ಹೊರಗಿನದನ್ನು ಒಳಗೆ ಮಾಡಿ ಮತ್ತೆ ಕಟ್ಟುತ್ತಾರೆ. ಈ ಕೆಲಸದಲ್ಲಿ ಅಮೋನಿಯಾ ಹೊರಟುಹೋಗುತ್ತದೆ, ಘಾಟು ಇಳಿಯುತ್ತದೆ. ಎಲ್ಲ ಹೊಗೆಸೊಪ್ಪಿಗೂ ಇದನ್ನು ಮಾಡುತ್ತಾರೆ. ಮಡುರೊಗೆ ಜಾಸ್ತಿ ಬಿಸಿಯಲ್ಲಿ, ಜಾಸ್ತಿ ದಿನ ಮಾಡುತ್ತಾರೆ. ತೆಳು ಎಲೆ ಅಷ್ಟು ಬಿಸಿಗೆ ಹರಿದುಹೋಗುತ್ತದೆ. ಅದಕ್ಕೇ ಕನೆಕ್ಟಿಕಟ್ ಬ್ರಾಡ್‌ಲೀಫ್, ಮೆಕ್ಸಿಕೊದ ಸ್ಯಾನ್ ಆಂಡ್ರೆಸ್ ತರಹದ ದಪ್ಪ ಎಲೆಗಳನ್ನೇ ಆರಿಸುತ್ತಾರೆ. ಫಲ ಕೋಕೋ, ಕಾಫಿ, ಒಣದ್ರಾಕ್ಷಿ, ಬೆಲ್ಲದ ಪಾಕದ ಹಾಗಿನ ಸಿಹಿ, ಕೆಳಗೆ ಒದ್ದೆ ಮಣ್ಣು.

ಗಮನಿಸಿದಿರಾ? ಹೆಚ್ಚು ಹುದುಗು ಬಂದದ್ದು ಹೆಚ್ಚು ಮೆತ್ತಗಾಗುತ್ತದೆ. ಕಪ್ಪು ಸಿಗಾರ್ ನೋಡಿ ಹೆದರಿ ಹಿಂದೆ ಸರಿಯುವವರು ಎಷ್ಟೋ ಸಲ ತಮಗೆ ಇಷ್ಟವಾಗಬಹುದಾಗಿದ್ದ ಸಿಹಿಯನ್ನೇ ಬಿಟ್ಟುಹೋಗುತ್ತಾರೆ.

ಈ ಎರಡರ ನಡುವೆ ಕೆಂಗಂದು ಬಣ್ಣದ ಕೊರೋಜೊ, ಹಬಾನೊ ಎಲೆಗಳಿವೆ. ಮೆಣಸು, ದಾಲ್ಚಿನ್ನಿ, ತೊಗಲಿನ ವಾಸನೆ ಅವುಗಳ ಗುರುತು. ಆಫ್ರಿಕಾದ ಕ್ಯಾಮರೂನ್ ಎಲೆಯ ಮೇಲೆ ಬೆರಳಾಡಿಸಿದರೆ ಸಣ್ಣ ಸಣ್ಣ ಹರಳು ತಾಗುತ್ತವೆ, ಹೊಗೆ ಹಗುರ, ಪರಿಮಳ ಮಾತ್ರ ಗಾಢ. ಹಸಿರು ಬಣ್ಣದ ಕ್ಯಾಂಡೆಲಾ ಒಂದಿದೆ, ಎಲೆಯನ್ನು ಶಾಖ ಕೊಟ್ಟು ಬೇಗ ಒಣಗಿಸಿ ಹಸಿರನ್ನು ಹಿಡಿದಿಟ್ಟದ್ದು. ಕುತೂಹಲಕ್ಕೆ ಒಂದು ಸಾಕು.

ಎರಡನೇ ಜೋಡಿ: ಸಣ್ಣದು, ದಪ್ಪದು

ರಿಂಗ್ ಗೇಜ್ ಅನ್ನುವುದು ಅಡ್ಡಳತೆ. 1 ಇಂಚನ್ನು 64 ಭಾಗ ಮಾಡಿ ಎಣಿಸುತ್ತಾರೆ. 50 ಅಂದರೆ 64ರಲ್ಲಿ 50 ಭಾಗ, ಸುಮಾರು 20 ಮಿಲಿಮೀಟರ್. ಕೊರೋನಾ 42, ಚರ್ಚಿಲ್ 47, ಟೊರೊ 50ರಿಂದ 52. ತೀರ ಸಪೂರದ ಲ್ಯಾನ್ಸೆರೊ 38, ಸುಮಾರು 15 ಮಿಲಿಮೀಟರ್. ಇತ್ತೀಚೆಗೆ ಜನ ಇಷ್ಟಪಡುವ ಗೋರ್ಡೊ 60, ಅಂದರೆ 24 ಮಿಲಿಮೀಟರ್ ಹತ್ತಿರ.

ಲೆಕ್ಕ ಹಾಕಿ ನೋಡಿದರೆ ವಿಷಯ ತಿಳಿಯಾಗುತ್ತದೆ. ಲ್ಯಾನ್ಸೆರೊದಿಂದ ಗೋರ್ಡೊಗೆ ಬಂದರೆ ಸುತ್ತಳತೆ ಒಂದೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿಯಾಗುತ್ತದೆ, ಅಷ್ಟೇ. ಒಳಗಿನ ಜಾಗ ಮಾತ್ರ ಎರಡೂವರೆ ಪಟ್ಟಾಗುತ್ತದೆ. ಅಂದರೆ ಪ್ರತಿ ದಮ್ಮಿನಲ್ಲೂ ಸಣ್ಣ ಸಿಗಾರ್‌ನಲ್ಲಿ ರ‍್ಯಾಪರ್‌ನ ಪಾಲು ದೊಡ್ಡದು, ದಪ್ಪದರಲ್ಲಿ ಫಿಲ್ಲರ್‌ನ ಪಾಲು ದೊಡ್ಡದು. ಒಂದೇ ಹೆಸರಿನ, ಒಂದೇ ಎಲೆಗಳ ಸಿಗಾರನ್ನು ಈ ಎರಡು ಅಳತೆಯಲ್ಲಿ ಸೇದಿದರೆ ಬೇರೆ ಬೇರೆ ಮನೆಯಲ್ಲಿ ಹುಟ್ಟಿದ ಹಾಗೆ ಅನಿಸುತ್ತದೆ.

ಸಣ್ಣದರ ಕಷ್ಟ ಏನೆಂದರೆ ಅದು ಬೇಗ ಬಿಸಿಯಾಗುತ್ತದೆ. ನಿಮಿಷಕ್ಕೆ ಒಂದು ದಮ್ಮಿಗಿಂತ ಜಾಸ್ತಿ ಎಳೆದರೆ ಎಣ್ಣೆ ಸೀದು ನಾಲಿಗೆ ಕಹಿಯಾಗುತ್ತದೆ. ಸುತ್ತುವವರ ಕೈಗೂ ಅದು ಪರೀಕ್ಷೆ. ಒಂದು ಎಲೆ ಜಾಸ್ತಿ ತುಂಬಿದರೂ ಗಾಳಿ ಕಟ್ಟುತ್ತದೆ. ದಪ್ಪದು ತಣ್ಣಗೆ ಉರಿಯುತ್ತದೆ, ಹೊಗೆ ಧಾರಾಳ. ಆದರೆ ಒಂದೂವರೆ ಗಂಟೆ ಬೇಕು, ದವಡೆ ನೋಯುತ್ತದೆ, ಎರಡನೇ ಅರ್ಧದಲ್ಲಿ ಎಷ್ಟೋ ಸಲ ರುಚಿ ಒಂದೇ ಕಡೆ ನಿಂತುಬಿಡುತ್ತದೆ.

ನನ್ನ ತೀರ್ಮಾನ ಕೇಳುವುದಾದರೆ, ರುಚಿ ಕಲಿಯಲು ಕೊರೋನಾಗೆ ಸಮ ಇಲ್ಲ. ರ‍್ಯಾಪರ್ ಏನು ಹೇಳುತ್ತದೆ, ಫಿಲ್ಲರ್ ಏನು ಹೇಳುತ್ತದೆ, ಎರಡೂ ಕೇಳಿಸುತ್ತದೆ. ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ದಪ್ಪದ್ದೇ ದೊಡ್ಡಸ್ತಿಕೆ ಅನ್ನುವ ಈಗಿನ ಒಲವು ನನಗೆ ಒಪ್ಪಿಗೆಯಾಗಿಲ್ಲ.

ಆಕಾರದ ಬಗ್ಗೆ ಒಂದೇ ಮಾತು. ತುದಿ ಚೂಪಾದ ಪಿರಮಿಡ್, ಟಾರ್ಪೆಡೊಗಳಲ್ಲಿ ಹೊಗೆ ಒಂದೇ ಕಡೆ ಸೇರಿ ನಾಲಿಗೆಗೆ ಬೀಳುತ್ತದೆ. ಎಷ್ಟು ಕತ್ತರಿಸಬೇಕು ಅನ್ನುವುದು ನಿಮ್ಮ ಕೈಯಲ್ಲಿರುತ್ತದೆ, ಸ್ವಲ್ಪವೇ ಕತ್ತರಿಸಿ ಶುರು ಮಾಡಬಹುದು.

ಮೂರನೇ ಜೋಡಿ: ದೇಶ, ಅದಕ್ಕಿಂತ ಹೆಚ್ಚಾಗಿ ಕಣಿವೆ

ಕ್ಯೂಬಾ ಅಂದ ಕೂಡಲೇ ಕಣ್ಣರಳಿಸುವವರು ಜಾಸ್ತಿ. ಆ ಗೌರವ ಸುಮ್ನೆ ಬಂದದ್ದಲ್ಲ. ಪಿನಾರ್ ಡೆಲ್ ರಿಯೊ ಪ್ರಾಂತ್ಯದ ವುಯೆಲ್ಟಾ ಅಬಾಹೊದ ಕೆಂಪು ಮಣ್ಣಿನ ಎಲೆಗೆ ಅದರದೇ ಒಂದು ಮಣ್ಣು, ಮರ, ತೊಗಲು ಬೆರೆತ ಗುಣ ಇದೆ. ಒಮ್ಮೆ ಗುರುತು ಸಿಕ್ಕಿದ ಮೇಲೆ ಕಣ್ಣು ಮುಚ್ಚಿದರೂ ತಿಳಿಯುತ್ತದೆ. ಆದರೆ 1959ರ ಕ್ರಾಂತಿಯ ನಂತರ ಅನೇಕ ಬೆಳೆಗಾರರು, ತಯಾರಕರು ದೇಶ ಬಿಟ್ಟರು. 1962ರ ಫೆಬ್ರವರಿಯಲ್ಲಿ ಅಮೆರಿಕ ವ್ಯಾಪಾರ ನಿಷೇಧ ಹೇರಿತು. ಕ್ಯೂಬಾದ ಬೀಜ, ಕ್ಯೂಬಾದ ಕೈಚಳಕ ಎರಡೂ ಡೊಮಿನಿಕನ್ ರಿಪಬ್ಲಿಕ್, ನಿಕರಾಗುವಾ, ಹೊಂಡುರಾಸ್‌ಗಳಲ್ಲಿ ಬೇರುಬಿಟ್ಟವು.

ಇದರಿಂದ ಕೊಳ್ಳುವವರಿಗೆ ಒಂದು ಗೊಂದಲ ಹುಟ್ಟಿದೆ. ಮಾಂಟೆಕ್ರಿಸ್ಟೊ, ಪಾರ್ಟಗಾಸ್, ರೋಮಿಯೊ ವೈ ಜೂಲಿಯೆಟಾ, ಎಚ್. ಅಪ್‌ಮನ್, ಕೊಹಿಬಾ ಈ ಹೆಸರುಗಳೆಲ್ಲ ಎರಡೆರಡು ಇವೆ. ಕ್ಯೂಬಾದ್ದು ಒಂದು, ಹೊರಗಿನದ್ದು ಒಂದು. ಹೆಸರು ಒಂದೇ, ಎಲೆ ಬೇರೆ, ಮಾಡುವವರು ಬೇರೆ. ಸಿಗಾರ್‌ಗೆ ಸುತ್ತಿದ ಹೆಸರಿನ ಪಟ್ಟಿ ನೋಡಿ ಕೊಳ್ಳಬೇಡಿ, ಪೆಟ್ಟಿಗೆ ತಿರುಗಿಸಿ ತಳ ನೋಡಿ. ಕ್ಯೂಬಾದ ಪೆಟ್ಟಿಗೆಯ ತಳದಲ್ಲಿ ದೇಶದ ಹೆಸರು, ಪೂರ್ತಿ ಕೈಯಲ್ಲಿ ಮಾಡಿದ್ದು ಎಂಬ ಮುದ್ರೆ, ಕಾರ್ಖಾನೆಯ ಸಂಕೇತ, ತುಂಬಿದ ತಿಂಗಳು, ವರ್ಷ ಇರುತ್ತದೆ. ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿ ಕ್ಯೂಬಾದ ಕೊಹಿಬಾ ಅಂತ ಯಾರಾದರೂ ತೋರಿಸಿದರೆ ಅದು ನಕಲಿ, ಮುಂದೆ ನಡೆಯಿರಿ.

ಹೋಲಿಕೆಗೆ ನಾನು ಹೇಳುವ ಜೋಡಿ ಬೇರೆ. ಎಲ್ಲ ಎಲೆಗಳೂ ಒಂದೇ ದೇಶದ್ದಾದ ಸಿಗಾರ್‌ಗೆ ಪೂರೊ ಎನ್ನುತ್ತಾರೆ. ನಿಕರಾಗುವಾದ ಒಂದು ಪೂರೊ, ಡೊಮಿನಿಕನ್‌ನ ಒಂದು ಪೂರೊ ತೆಗೆದುಕೊಳ್ಳಿ. ಡೊಮಿನಿಕನ್ ಎಲೆ ಬರುವುದು ಸ್ಯಾಂಟಿಯಾಗೊ ಸುತ್ತಲಿನ ಸಿಬಾವ್ ಕಣಿವೆಯಿಂದ. ಮೃದು, ಮರದ ವಾಸನೆ, ಹುರಿದ ಬೀಜ, ಕೊನೆಯಲ್ಲಿ ಸ್ವಲ್ಪ ಒಗರು. ನಿಕರಾಗುವಾದ ಎಸ್ಟೆಲಿಯ ಕಪ್ಪು ಮಣ್ಣಿನ ಎಲೆ ಮೊದಲ ದಮ್ಮಿಗೇ ಕಾಳುಮೆಣಸು ಜಗಿದ ಹಾಗೆ. ಅದೇ ದೇಶದ ಹಲಾಪಾ ಕಣಿವೆಯ ಎಲೆ ಸಿಹಿ, ನಯ. ಒಂದೇ ದೇಶದೊಳಗೆ ಇಷ್ಟು ದೂರ ಇರುವಾಗ "ನಿಕರಾಗುವಾ ಅಂದರೆ ಖಾರ" ಅನ್ನುವುದು ಅರ್ಧ ಸತ್ಯ. ಸಿಗಾರ್‌ನ ವಿವರದಲ್ಲಿ ಕಣಿವೆಯ ಹೆಸರು ಕೊಟ್ಟಿದ್ದರೆ ಅದನ್ನೇ ನಂಬಿ.

ಹೊತ್ತಿಸುವ ಮೊದಲು

ಬೆಂಕಿ ಸೋಕುವ ಮುಂಚೆಯೇ ಅರ್ಧ ಪರೀಕ್ಷೆ ಮುಗಿಯುತ್ತದೆ. ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಬಾಯಿ ತುದಿಯಿಂದ ಕೆಳಗಿನವರೆಗೆ ಮೆಲ್ಲಗೆ ಒತ್ತುತ್ತ ಬನ್ನಿ. ಒತ್ತಿದರೆ ಸ್ವಲ್ಪ ಬಗ್ಗಿ ಮತ್ತೆ ಎದ್ದು ಬರಬೇಕು. ಒಂದು ಕಡೆ ಪೊಳ್ಳು ಸಿಕ್ಕರೆ ಅಲ್ಲಿ ಬೇಗ ಉರಿದು ಬಿಸಿಯಾಗುತ್ತದೆ. ಒಂದು ಕಡೆ ಕಡ್ಡಿಯಂತೆ ಗಟ್ಟಿ ಸಿಕ್ಕರೆ ಅಲ್ಲಿ ಹೊಗೆ ನಿಲ್ಲುತ್ತದೆ. ಒತ್ತಿದಾಗ ಸಣ್ಣಗೆ ಚಟಪಟ ಅಂದರೆ ಒಣಗಿದೆ. ಸೂಜಿ ಚುಚ್ಚಿದಂಥ ದುಂಡಗಿನ ತೂತು ಕಂಡರೆ ಹುಳ ಬಿದ್ದಿದೆ, ಪಕ್ಕದ ಸಿಗಾರ್‌ಗಳನ್ನೂ ನೋಡಿ. ಬಿಳಿ ಬೂಷ್ಟನ್ನು "ವಯಸ್ಸಾದ ಗುರುತು" ಅಂತ ಹೊಗಳುವವರಿದ್ದಾರೆ. ರೋಮದಂತೆ ಎದ್ದು ನಿಂತಿದ್ದರೆ ಅದು ಬೂಷ್ಟೇ, ಕೊಳ್ಳಬೇಡಿ.

ಬೆಂಕಿ ತುದಿಯನ್ನು ಮೂಗಿನ ಹತ್ತಿರ ತನ್ನಿ. ಅಮೋನಿಯಾ ಘಾಟು ಹೊಡೆದರೆ ಎಲೆ ಇನ್ನೂ ಮಾಗಿಲ್ಲ, ಕೆಲವು ತಿಂಗಳು ಇಟ್ಟು ನೋಡಿ. ಮುಗ್ಗಲು ವಾಸನೆ ಬಂದರೆ ತೇವ ಜಾಸ್ತಿಯಾಗಿತ್ತು.

ಬಾಯಿ ತುದಿ ಕತ್ತರಿಸುವುದರಲ್ಲಿ ಮೂರು ಬಗೆ. ನೇರ ಕಟ್, ವಿ ಕಟ್, ಪಂಚ್. ನೇರ ಕಟ್ ಎಲ್ಲ ಆಕಾರಕ್ಕೂ ನಡೆಯುತ್ತದೆ, ಎಳೆತ ಸರಾಗ. ಟೊಪ್ಪಿಯ, ಅಂದರೆ ಬಾಯಿ ತುದಿಯನ್ನು ಮುಚ್ಚಿರುವ ಎಲೆಯ, ಭುಜ ಶುರುವಾಗುವ ಮೊದಲೇ ಕತ್ತರಿಸಿ, ಅದಕ್ಕಿಂತ ಕೆಳಗೆ ಹೋದರೆ ರ‍್ಯಾಪರ್ ಬಿಚ್ಚಿಕೊಳ್ಳುತ್ತದೆ. ಪಂಚ್ ಸಣ್ಣ ತೂತು ಮಾಡುತ್ತದೆ, ಚೂಪು ತುದಿಗೂ ಸಪೂರದ್ದಕ್ಕೂ ಆಗುವುದಿಲ್ಲ. ಹೋಲಿಸುವಾಗ ಎರಡಕ್ಕೂ ಒಂದೇ ಕಟ್ ಬಳಸಿ, ಅದು ನೇರ ಕಟ್ ಆಗಿರಲಿ.

ಕತ್ತರಿಸಿದ ಮೇಲೆ ಹೊತ್ತಿಸದೆ ಒಂದೆರಡು ಸಲ ಗಾಳಿ ಎಳೆಯಿರಿ. ನನಗೆ ಇಡೀ ಸಿಗಾರ್‌ನಲ್ಲಿ ತುಂಬ ಪ್ರೀತಿಯ ಗಳಿಗೆ ಇದು. ಒಳಗಿನ ಎಲೆ ಮೊದಲ ಸಲ ಮಾತಾಡುವುದು ಇಲ್ಲೇ. ಸಿಹಿ ಹುಲ್ಲು, ಒಣಹಣ್ಣು, ಕೊಟ್ಟಿಗೆಯ ವಾಸನೆ, ಹೊಸ ಮರದ ಪೆಟ್ಟಿಗೆ ತೆರೆದ ವಾಸನೆ, ಏನಾದರೂ ಒಂದು ಸಿಗುತ್ತದೆ. ಗಾಳಿ ಎಷ್ಟು ಸುಲಭವಾಗಿ ಬರುತ್ತದೆ ಅನ್ನುವುದನ್ನೂ ಗಮನಿಸಿ. ಗಟ್ಟಿ ಹಣ್ಣಿನ ರಸವನ್ನು ಸ್ಟ್ರಾದಲ್ಲಿ ಎಳೆದ ಹಾಗಿದ್ದರೆ ಗಾಳಿ ಕಟ್ಟಿದೆ. ಏನೂ ತಡೆ ಇಲ್ಲದೆ ಬಂದರೆ ಸಡಿಲ ಸುತ್ತಿದ್ದಾರೆ. ಇವೆರಡರ ನಡುವೆ ಒಂದು ಚೂರು ತಡೆ ಇರಬೇಕು.

ಹೊತ್ತಿಸಲು ಬ್ಯುಟೇನ್ ಲೈಟರ್ ಒಳ್ಳೆಯದು. ಪೆಟ್ರೋಲ್ ಲೈಟರ್ ಬೇಡ, ಅದರ ವಾಸನೆ ಎಲೆಗೆ ಹತ್ತುತ್ತದೆ. ಬೆಂಕಿಕಡ್ಡಿಯಾದರೆ ತಲೆಯ ಮದ್ದು ಪೂರ್ತಿ ಉರಿದ ಮೇಲೆ ಬಳಸಿ. ಜ್ವಾಲೆ ಎಲೆಗೆ ತಾಗದಷ್ಟು ದೂರ ಹಿಡಿದು, ತಿರುಗಿಸುತ್ತ, ಅಂಚೆಲ್ಲ ಒಂದೇ ಸಮ ಕೆಂಪಾಗುವವರೆಗೆ ಕಾಯಿಸಿ. ಆತುರ ಬೇಡ.

ಸೇದುವಾಗ: ಮೂರು ಭಾಗ, ಒಂದು ಮೂಗು

ಒಂದು ಜೋಡಿಯ ಎರಡನ್ನೂ ಒಂದೇ ದಿನ ಸೇದಬೇಡಿ. ಎರಡನೆಯದರ ಹೊತ್ತಿಗೆ ನಾಲಿಗೆ ದಣಿದಿರುತ್ತದೆ, ನಿಕೋಟಿನ್ ಏರಿರುತ್ತದೆ. ಬೇರೆ ದಿನ, ಅದೇ ಹೊತ್ತು, ಊಟದ ನಂತರ, ಜೊತೆಗೆ ಬರೀ ನೀರು. ಕಾಫಿ, ಮದ್ಯ ಜೊತೆಗಿದ್ದರೆ ಸಿಗಾರ್‌ನ ರುಚಿ ಯಾವುದು, ಲೋಟದ್ದು ಯಾವುದು ಅಂತ ಬಿಡಿಸಲು ಆಗುವುದಿಲ್ಲ. ಬರೆದಿಟ್ಟುಕೊಂಡರೆ ದಿನ ಬೇರೆಯಾದರೂ ಹೋಲಿಕೆ ಕೆಡುವುದಿಲ್ಲ.

ಸಿಗಾರ್ ಉದ್ದವನ್ನು ಮನಸ್ಸಿನಲ್ಲೇ ಮೂರು ಭಾಗ ಮಾಡಿ. ಮೊದಲ ಭಾಗದ ಖಾರ ನೋಡಿ ತೀರ್ಪು ಕೊಡಬೇಡಿ, ಅದು ಎಷ್ಟೋ ಸಲ 10 ನಿಮಿಷದಲ್ಲಿ ಇಳಿಯುತ್ತದೆ. ಎರಡನೇ ಭಾಗವೇ ಸಿಗಾರ್‌ನ ನಿಜವಾದ ಗುಣ. ಇಲ್ಲಿ ರುಚಿ ಒಂದರಿಂದ ಇನ್ನೊಂದಕ್ಕೆ ಹೊರಳಿದರೆ ಬರೆದುಕೊಳ್ಳಿ. ಮೂರನೇ ಭಾಗದಲ್ಲಿ ಎಣ್ಣೆ, ಟಾರ್ ಸೇರಿ ಎಲ್ಲ ಗಾಢವಾಗುತ್ತದೆ. ಒಳ್ಳೆಯದು ಇಲ್ಲಿ ಕಡು ಕಾಫಿಯಂತಾಗುತ್ತದೆ. ಸಾಧಾರಣದ್ದು ಸೀದು ಕಹಿಯಾಗುತ್ತದೆ. ಕಹಿ ಬಂದಾಗ ಒಂದು ಸಲ ಸಿಗಾರ್‌ನೊಳಗೆ ಮೆಲ್ಲಗೆ ಊದಿ, ನಿಂತ ಹೊಗೆ ಹೊರಹೋಗುತ್ತದೆ. ಆಮೇಲೂ ಕಹಿಯಿದ್ದರೆ ಕೆಳಗಿಡಿ. ಒತ್ತಿ ಆರಿಸಬೇಡಿ, ವಾಸನೆ ಕೆಡುತ್ತದೆ. ತಾನಾಗಿ ಆರುತ್ತದೆ.

ಬಾಯಲ್ಲಿರುವ ಹೊಗೆಯನ್ನು ಬಹುಪಾಲು ಬಾಯಿಂದ ಬಿಟ್ಟು, ಉಳಿದ ಚೂರನ್ನು ಮೂಗಿನಿಂದ ಬಿಡಿ. ಎದೆಗೆ ಎಳೆಯಬಾರದು. ಮೊದಮೊದಲು ಕಣ್ಣಲ್ಲಿ ನೀರು ಬರುತ್ತದೆ. ಪ್ರತಿ ದಮ್ಮಿಗೂ ಬೇಡ, ಪ್ರತಿ ಭಾಗದಲ್ಲಿ ಎರಡು ಸಲ ಸಾಕು. ದಾಲ್ಚಿನ್ನಿಗೂ ಮೆಣಸಿಗೂ ಇರುವ ವ್ಯತ್ಯಾಸ, ಮರಕ್ಕೂ ತೊಗಲಿಗೂ ಇರುವ ವ್ಯತ್ಯಾಸ ತಿಳಿಯುವುದು ಈ ದಾರಿಯಲ್ಲೇ.

ರುಚಿಗೆ ಹೆಸರು ಸಿಗುತ್ತಿಲ್ಲ ಅಂತ ಚಿಂತೆ ಬೇಡ. ನಮ್ಮ ಭಾಷೆಯಲ್ಲಿ ಇದಕ್ಕೆ ಬೇಕಾದ ಮಾತುಗಳು ಎಷ್ಟೊಂದಿವೆ ನೋಡಿ. ಮೂಗಿಗೆ ಹೊಡೆಯುವುದು ಘಾಟು. ನಾಲಿಗೆ ಒಣಗಿಸಿ ಹಿಡಿಯುವುದು ಒಗರು. ಹಳೆ ಎಣ್ಣೆಯ ಹಾಗಿನದು ಕಮಟು. ಗಾಳಿಯಾಡದ ಪೆಟ್ಟಿಗೆಯದು ಮುಗ್ಗಲು. ಬೆಂಕಿ ಜಾಸ್ತಿಯಾದದ್ದು ಸೀದದ್ದು, ಮಾಗದ ಎಲೆಯದು ಹಸಿ ವಾಸನೆ. "ಲಿಕೊರಿಸ್, ನೂಗಟ್" ಅಂತ ತಿನ್ನದೇ ಇದ್ದವುಗಳ ಹೆಸರು ಹುಡುಕುವುದಕ್ಕಿಂತ ಈ ಆರು ಮಾತನ್ನು ಸರಿಯಾಗಿ ಬಳಸಿದರೆ ನಿಮ್ಮ ಟಿಪ್ಪಣಿ ಯಾರು ಓದಿದರೂ ತಿಳಿಯುತ್ತದೆ.

ಉರಿಯನ್ನೂ ನೋಡುತ್ತಿರಿ. ಉರಿಯ ಗೆರೆ ಸುತ್ತ ಒಂದೇ ಸಮ ಇದ್ದರೆ ಸುತ್ತಿದ ಕೈ ಒಳ್ಳೆಯದು. ಸ್ವಲ್ಪ ಏರುಪೇರು ತಾನಾಗಿ ಸರಿಹೋಗುತ್ತದೆ. ಒಂದು ಪಕ್ಕ ಮಾತ್ರ ಓಡುತ್ತ ಹೋದರೆ, ಅಥವಾ ಒಳಗೆ ಮಾತ್ರ ಉರಿದು ಟೊಳ್ಳಾದರೆ ಅಂಕ ಕಳೆಯಿರಿ. ಬೂದಿ ಒಂದು ಇಂಚು ಗಟ್ಟಿಯಾಗಿ ನಿಂತರೆ ಉದ್ದ ಎಲೆ ಸರಿಯಾಗಿ ತುಂಬಿದ್ದಾರೆ ಅಂತ. ಬಿಳಿ ಬೂದಿಯೇ ಶ್ರೇಷ್ಠ ಅನ್ನುವುದನ್ನು ನಂಬಬೇಡಿ. ಬೂದಿಯ ಬಣ್ಣ ಮಣ್ಣಿನ ಖನಿಜಗಳಿಂದ ಬರುತ್ತದೆ, ರುಚಿಯ ಮಾತು ಅದಕ್ಕೆ ಗೊತ್ತಿಲ್ಲ.

ಅಂಕ ಕೊಡುವುದು

1992ರಲ್ಲಿ ಶುರುವಾದ ಸಿಗಾರ್ ಅಫಿಶಿಯನಾಡೊ ಪತ್ರಿಕೆ 100ಕ್ಕೆ ಅಂಕ ಕೊಡುವ ಪದ್ಧತಿಯನ್ನು ಮನೆಮಾತು ಮಾಡಿತು. ನೋಟ ಮತ್ತು ಕಟ್ಟು, ರುಚಿ, ಸೇದುವಾಗಿನ ನಡವಳಿಕೆ, ಒಟ್ಟು ಅನಿಸಿಕೆ ಎಂಬ ನಾಲ್ಕು ತಲೆಬರಹ. ಅವರಲ್ಲಿ ನಾನು ಮೆಚ್ಚುವುದು ಬೇರೆ ಸಂಗತಿ. ಪಟ್ಟಿ ತೆಗೆದು, ಸಂಖ್ಯೆ ಬರೆದ ಬಿಳಿ ಪಟ್ಟಿ ಹಾಕಿ ಸೇದುತ್ತಾರೆ.

ಇದನ್ನು ಮನೆಯಲ್ಲಿ ಮಾಡಿ ನೋಡಿ. ಒಬ್ಬ ಗೆಳೆಯ ನನಗೆ ಪಟ್ಟಿ ತೆಗೆದ ಎರಡು ಸಿಗಾರ್ ಕೊಟ್ಟ. ಒಂದು ವಾರದ ಅಂತರದಲ್ಲಿ ಸೇದಿದೆ. ಮೊದಲನೆಯದು ಕೋಕೋ, ಮೃದು, ಬಹಳ ಚೆನ್ನಾಗಿದೆ ಅಂತ ಬರೆದೆ. ಎರಡನೆಯದು ಒಗರು, ಸಾಧಾರಣ ಅಂತ ಬರೆದೆ. ಎರಡೂ ಒಂದೇ ಪೆಟ್ಟಿಗೆಯದ್ದು. ಎರಡನೇ ದಿನ ನನಗೆ ನೆಗಡಿ ಶುರುವಾಗಿತ್ತು. ಮೂಗು ಕಟ್ಟಿದ ದಿನ ಸೇದಿದ್ದಕ್ಕೆ ಅಂಕವೇ ಇಲ್ಲ ಅನ್ನುವುದನ್ನು ಅವತ್ತಿನಿಂದ ಕಟ್ಟುನಿಟ್ಟಾಗಿ ಪಾಲಿಸುತ್ತೇನೆ.

ನನ್ನ ಲೆಕ್ಕ ಸರಳ. ಅರ್ಧ ಅಂಕ ರುಚಿಗೆ, ಉಳಿದರ್ಧ ಎಳೆತಕ್ಕೂ ಉರಿಗೂ. ನೋಟಕ್ಕೆ ಬೇರೆ ಅಂಕ ಕೊಡುವುದಿಲ್ಲ. ನರ ಎದ್ದ, ಒರಟು ಮೈಯ ಸಿಗಾರ್‌ಗಳು ಕೊಟ್ಟಷ್ಟು ಒಳ್ಳೆಯ ಸಂಜೆಗಳನ್ನು ನುಣ್ಣಗಿನವು ನನಗೆ ಕೊಟ್ಟಿಲ್ಲ. ಸಂಖ್ಯೆಯ ಕೆಳಗೆ ಒಂದು ಪ್ರಶ್ನೆಗೆ ಉತ್ತರ ಬರೆಯುತ್ತೇನೆ: ಎರಡರಲ್ಲಿ ಯಾವುದನ್ನು ಮತ್ತೆ ತೆಗೆದುಕೊಳ್ಳುತ್ತೇನೆ, ಯಾಕೆ?

ಒಂದು, ಮೂರು, ಪೆಟ್ಟಿಗೆ

ಕೈಯಲ್ಲಿ ಮಾಡಿದ್ದು ಒಂದರಂತೆ ಒಂದು ಇರುವುದಿಲ್ಲ. ಒಂದು ಕೆಟ್ಟರೆ ಹೆಸರೇ ಕೆಟ್ಟದ್ದು ಅನ್ನಬೇಡಿ, ಒಂದು ಚೆನ್ನಾಗಿದ್ದರೆ ಪೆಟ್ಟಿಗೆ ಕೊಳ್ಳಲೂ ಬೇಡಿ. ಮೂರು ಸೇದಿದ ಮೇಲೆ ತೀರ್ಮಾನ ಮಾಡಿ. ಮೂರರಲ್ಲಿ ಎರಡು ಗಾಳಿ ಕಟ್ಟಿದ್ದರೆ ಎಷ್ಟು ರುಚಿಯಿದ್ದರೂ ಬಿಡಿ.

ದೂರದಿಂದ ತರಿಸಿದ್ದನ್ನು ಬಂದ ದಿನವೇ ಹೊತ್ತಿಸಬೇಡಿ, ಎರಡು ವಾರ ಹ್ಯೂಮಿಡಾರ್‌ನಲ್ಲಿ, ಅಂದರೆ ತೇವ ಕಾಪಾಡುವ ಡಬ್ಬಿಯಲ್ಲಿ, ಇರಲಿ. ತೇವ ಶೇಕಡಾ 65ರಿಂದ 70, ಬಿಸಿ 18ರಿಂದ 21 ಡಿಗ್ರಿ ಸೆಲ್ಸಿಯಸ್. 25 ದಾಟಿದರೆ ಹೊಗೆಸೊಪ್ಪಿನ ಹುಳದ ಮೊಟ್ಟೆ ಒಡೆಯುವ ಭಯ. ಹೋಲಿಸುವ ಎರಡೂ ಒಂದೇ ಡಬ್ಬಿಯಲ್ಲಿ, ಒಂದೇ ತೇವದಲ್ಲಿ ಇದ್ದಿರಬೇಕು. ಒಣಗಿದ ಒಂದನ್ನೂ ಹದವಾದ ಒಂದನ್ನೂ ಹೋಲಿಸಿದರೆ ನೀವು ಹೋಲಿಸಿದ್ದು ತೇವವನ್ನು, ಎಲೆಯನ್ನಲ್ಲ, ಅಲ್ವಾ?

ಮುಂದಿನ ಜೋಡಿ ಯಾವುದು

ಮೊದಲ ಜೋಡಿಯಲ್ಲಿ ತಿಳಿ ಎಲೆ ಇಷ್ಟವಾಯಿತು ಅನ್ನಿ. ಮುಂದೆ ಅಮೆರಿಕದ ಕನೆಕ್ಟಿಕಟ್‌ನಲ್ಲೇ ಬೆಳೆದ ಶೇಡ್ ಒಂದು, ಈಕ್ವೆಡಾರ್‌ನ ಕನೆಕ್ಟಿಕಟ್ ಒಂದು ಜೋಡಿ ಮಾಡಿ. ಮಡುರೊ ಹಿಡಿಸಿದರೆ ಬ್ರಾಡ್‌ಲೀಫ್ ಒಂದು, ಸ್ಯಾನ್ ಆಂಡ್ರೆಸ್ ಒಂದು. ಬ್ರಾಡ್‌ಲೀಫ್‌ನ ಸಿಹಿ ಮುಂದೆ ಬರುತ್ತದೆ, ಸ್ಯಾನ್ ಆಂಡ್ರೆಸ್‌ನಲ್ಲಿ ಮಣ್ಣು ಮುಂದೆ ಬರುತ್ತದೆ. ಖಾರ ಬೇಕೆನಿಸಿದರೆ ಎಸ್ಟೆಲಿಯನ್ನೂ ಹಲಾಪಾವನ್ನೂ ಎದುರುಬದುರು ಇಡಿ. ಮೊದಲ ಜೋಡಿಯ ಎರಡರಲ್ಲಿ ಯಾವುದೂ ಮನಸ್ಸಿಗೆ ಬರಲಿಲ್ಲ ಅಂದರೆ ಅಳತೆ ಬದಲಿಸಿ, ರೊಬಸ್ಟೊ ಬಿಟ್ಟು ಕೊರೋನಾದಲ್ಲಿ ಅವೇ ಎಲೆಗಳನ್ನು ಇನ್ನೊಂದು ಸಲ ನೋಡಿ. ಕ್ಯೂಬಾವನ್ನು ಇವೆಲ್ಲ ಆದ ಮೇಲೆ ಇಟ್ಟುಕೊಳ್ಳಿ. ಪಕ್ಕದಲ್ಲಿ ಡೊಮಿನಿಕನ್‌ನ ಅದೇ ಹೆಸರಿನದ್ದು, ಅದೇ ಅಳತೆಯದ್ದು ಇರಲಿ, ಎರಡರ ಪಟ್ಟಿಯನ್ನೂ ಬೇರೆ ಯಾರಾದರೂ ಬಿಚ್ಚಿ ಕೊಡಲಿ.